ಗಜನಿ ಕಟ್ಟಿಸಿದವ

ರೇಖಾ ಮೇಡಂ ಹೆಸರು ಮಾಡಿದ್ದೇ ಒಂದು ಶಬ್ದದಿಂದ. ಮೂವತ್ತು ವರ್ಷದ ಹಿಂದೆ ಕುಮಟಾದ ಆಚೆ, ಅಳಿವೆ ದಂಡೆಯ ಶಾಸನದಲ್ಲಿ ‘ಗಜನಿಯಂ’ ಅಂತ ಸ್ಪಷ್ಟವಿತ್ತು. ಮುಂದಿನ ಶಬ್ದದಲ್ಲಿ ‘ಕ’ದ ನೆತ್ತಿ ಸವೆದು, ನಡುವಿನ ಅಕ್ಷರ ಅಳಿಸಿ, ಕಡೆಗೊಂದು ‘ಸಿ’ ಉಳಿದಿತ್ತು. ಮೇಡಂ ತಾವೇ ತುಂಬಿ ‘ಕೆಡಿಸಿ’ ಮಾಡಿದರು. ಗಜನಿಯ ಸುಲ್ತಾನನ ಸೈನ್ಯವನ್ನೇ ಕೆಡಿಸಿದ ನಮ್ಮೂರ ವೀರ! ಡಾಕ್ಟರೇಟು ಬಂತು, ಪ್ರೊಫೆಸರ್ ಹುದ್ದೆಯೂ ಬಂತು.

ಹೋದ ತಿಂಗಳು ಹೊಸ ಪುಸ್ತಕಕ್ಕೆ ಫೋಟೋ ತೆಗೆಯಲು ಹೋದಾಗ, ಪಕ್ಕದ ಗದ್ದೆಯ ಗಂಗೆ ಗೌಡ ಬಂದು ಬಗ್ಗಿದಳು. "ಎಂತ ಬರ್ದದೆ ಅಕ್ಕೋರೇ?"

ಮೇಡಂ ಓದಿ ಹೇಳಿದರು. ಗಂಗೆ ನಕ್ಕೂ ನಕ್ಕೂ ಕೂತೇಬಿಟ್ಟಳು.

"ಗಜನಿ ಯಾರಾದ್ರೂ ಕೆಡಸ್ತಾರಾ? ಕಟ್ತಾರೆ! ಈ ಗದ್ದೆನೇ ಅಲ್ದಾ ಗಜನಿ? ಒಡ್ಡು ಹಾಕ್ದೇ ಇದ್ರೆ ಉಪ್ಪುನೀರು ನುಗ್ಗಿ ಕಗ್ಗ ಭತ್ತ ಹೋದಂಗೇ."

ಮೇಡಂ ಕಲ್ಲಿಗೆ ನೀರು ಚಿಮುಕಿಸಿ ಮೊಬೈಲ್ ಟಾರ್ಚು ಅಡ್ಡ ಹಿಡಿದರು. ಅಳಿಸಿದ ಜಾಗದಲ್ಲಿ ಮಸುಕಾಗಿ ‘ಟ್ಟಿ’. ಇದ್ದೇ ಇತ್ತು. ಥೂ, ಕಗ್ಗದ ಗಂಜಿ ಕುಡಿದು ಬೆಳೆದವಳು, ಕಾಲಡಿಯ ಗಜನಿ ಬಿಟ್ಟು ಅಫಘಾನಿಸ್ತಾನಕ್ಕೆ ಹೋದೆನಲ್ಲ!

ಹೊನ್ನಾವರದಲ್ಲಿ ಮೇಡಂಗೆ ಸನ್ಮಾನ ಮೊದಲೇ ನಿಗದಿಯಾಗಿತ್ತು. ಹಳೇ ಶಿಷ್ಯ ಸುದರ್ಶನನೇ ಸಮಿತಿ ಅಧ್ಯಕ್ಷ. ಶಾಸನದ ವೀರನಿಗೊಂದು ಪ್ರತಿಮೆ, ಅದರ ಕೈಗೆ ಕತ್ತಿಯೂ ಆರ್ಡರ್ ಆಗಿತ್ತು. ಮೇಡಂ ಫೋನಿನಲ್ಲಿ ಎಲ್ಲ ಹೇಳಿದ್ದರೂ ಅವನು ವೇದಿಕೆಯಲ್ಲಿ ಕಿವಿಯ ಹತ್ತಿರ ಬಂದ.

"ಇವತ್ತೊಂದಿನ ಸುಮ್ನಿದ್ಬಿಡಿ ಮೇಡಂ. ನಿಮ್ಮ ಪುಸ್ತಕ ನಾವೇ ಅಚ್ಚು ಹಾಕ್ಸೂದು. ನಿಮ್ಮ ಮರ್ಯಾದೆ ಪ್ರಶ್ನೆ."

"ನನ್ನ ಮರ್ಯಾದೆ ನಾನು ನೋಡ್ಕೊಳ್ತೆ. ನೀ ಕೂತ್ಕೋ."

ಮೈಕು ಹಿಡಿದರು. "ನಾನು ತಪ್ಪು ಓದಿದೆ. ನಿಮ್ಮ ವೀರ ಯಾರ ತಲೆಯನ್ನೂ ಕಡಿದವನಲ್ಲ. ಗಜನಿ ಗದ್ದೆಗೆ ಒಡ್ಡು ಕಟ್ಟಿಸಿದವ."

ಗಲಾಟೆಯೆಂದರೆ ಗಲಾಟೆ! "ಕೆಳಗಿಳಿಸ್ರೋ ಅವ್ರನ್ನ!" ಯಾರೋ ಮೈಕಿನ ವೈರು ಕಿತ್ತರು. ಕೀಳಲಿ ಬಿಡಿ, ನೂರು ಹುಡುಗರ ಕ್ಲಾಸಿಗೆ ಮೈಕಿಲ್ಲದೇ ಪಾಠ ಮಾಡಿದ ಗಂಟಲು ಅದು.

"ಅನ್ನ ಹಾಕಿದವ ಸಾಲದಾ ನಿಮಗೆ? ಅವನ ಕೈಗೆ ಕತ್ತಿ ಕೊಟ್ಟವಳು ನಾನು. ಇವತ್ತು ಕಸಿದುಕೊಳ್ಳುವವಳೂ ನಾನೇ!"

ಮೇಜಿನ ಮೇಲಿನ ಮಾನಪತ್ರಕ್ಕೆ ಇನ್ನೂ ಫ್ರೇಮು ಹಾಕಿರಲಿಲ್ಲ. ಮೇಡಂ ಪರ್ಸಿನಿಂದ ಕೆಂಪು ಪೆನ್ನು ತೆಗೆದರು. ಅದರಲ್ಲಿದ್ದ ಶಾಸನದ ಸಾಲಿನಲ್ಲಿ ‘ಕೆಡಿಸಿ’ ಹೊಡೆದು ‘ಕಟ್ಟಿಸಿ’ ಬರೆದರು. ಶಾಸನ ಓದಿದವರು ಎಂಬಲ್ಲಿ ತಮ್ಮ ಹೆಸರು ಹೊಡೆದು ಗಂಗೆ ಗೌಡ ಎಂದು ಬರೆದರು. ಅಂಚಿನಲ್ಲಿ, ಫೇಲಾದವರ ಪೇಪರಿಗೆ ಹಾಕುವ ಹಾಗೆ, ತಮಗೊಂದು ದೊಡ್ಡ ಸೊನ್ನೆ ಸುತ್ತಿ ಸಹಿ ಹಾಕಿದರು.

"ತಗೋ ಸುದರ್ಶನ. ಈಗ ಓದು. ಗಟ್ಟಿಯಾಗಿ."