ಶಬ್ದಕ್ಕಿಂತ ನಿಧಾನದ ಗುಂಡು

ಯೋಕೋಹಾಮಾದಲ್ಲಿ ಗಾಳಿಯ ಹರಿವಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಸುಂಧರಾಳ ಬಳಿ ಪಕ್ಕದ ಮನೆಯ ಕುರೋಕಿ ಸಾನ್, ಅಂದರೆ ಕುರೋಕಿಯವರು, ಒಂದು ಸಹಾಯ ಕೇಳಿದರು. ಐವತ್ತೆರಡು ವರ್ಷದ ಈ ಹೆಂಗಸು, ಜಪಾನಿನಲ್ಲಿ ಸ್ಪರ್ಧೆಗಾಗಿ ಪಿಸ್ತೂಲು ಹಿಡಿಯಲು ಅನುಮತಿ ಪಡೆದ ಕೆಲವೇ ಮಂದಿಯಲ್ಲಿ ಒಬ್ಬರು. ವೇಗದ ಗುಂಡು ಒಳ್ಳೆಯದೋ, ಶಬ್ದಕ್ಕಿಂತ ನಿಧಾನವಾಗಿ ಹೋಗುವ ಗುಂಡು ಒಳ್ಳೆಯದೋ ಎಂದು ಅವರಿಗೆ ತೀರ್ಮಾನಿಸಲಾಗಿರಲಿಲ್ಲ.

ಶನಿವಾರ ಶೂಟಿಂಗ್ ರೇಂಜಿನಲ್ಲಿ ಕುರೋಕಿ ಮರಳುಚೀಲಕ್ಕೆ ಕೈ ಆನಿಸಿ ಎರಡನ್ನೂ ಹತ್ತು ಹತ್ತು ಸಲ ಹೊಡೆದರು. ವಸುಂಧರಾ ವೇಗ ಅಳೆದಳು. ವೇಗದವುಗಳಲ್ಲಿ ಕೆಲವು ಶಬ್ದದ ವೇಗವನ್ನು ದಾಟಿ ಚಟೀರೆಂದವು, ಕೆಲವು ದಾಟಲಿಲ್ಲ. ಗುರಿಯ ಕಾಗದದಲ್ಲಿ ಅವುಗಳ ತೂತುಗಳು ಚಕ್ಕುಲಿಯಗಲಕ್ಕೆ ಹರಡಿದ್ದವು. ನಿಧಾನದವು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೋಗಿ ಕೋಡುಬಳೆಯಷ್ಟು ಜಾಗದಲ್ಲಿ ಕೂತಿದ್ದವು.

"ಪೇಪರ್‌ಗೆ ತೂತು ಮಾಡೋಕೆ ಈ ಸ್ಪೀಡೇ ಸಾಕು, ಕುರೋಕಿ ಸಾನ್. ಎಲ್ಲಾ ಒಂದೇ ಥರ ಹೋಗ್ಬೇಕು, ಅಷ್ಟೆ," ಎಂದಳು ವಸುಂಧರಾ.

"ಇದನ್ನ ಹೊಡೆಯುವಾಗ ನಾನು ಒಂದು ಸಲವೂ ಬೆಚ್ಚಲಿಲ್ಲ, ವಸುಂಧರಾ ಸಾನ್," ಎಂದು ಕುರೋಕಿ ನಕ್ಕು ನಿಧಾನದ ಗುಂಡುಗಳ ಡಬ್ಬಿಯನ್ನೇ ಎತ್ತಿಕೊಂಡರು.

ಮುಂದಿನ ತಿಂಗಳ ಪಂದ್ಯದಲ್ಲಿ ಅವರು ನಾಲ್ಕನೆಯವರಾದರು. ಪದಕ ಬರಲಿಲ್ಲ, ಆದರೆ ಅಷ್ಟು ಅಂಕ ಅವರಿಗೆ ಹಿಂದೆಂದೂ ಬಂದಿರಲಿಲ್ಲ. ಪಂದ್ಯ ಮುಗಿದ ಮೇಲೆ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು, ವಸುಂಧರಾ ತಂದಿದ್ದ ಚಿತ್ರಾನ್ನವನ್ನು ಹಂಚಿಕೊಂಡು ತಿಂದರು.