ತೋಳಿನ ಮೇಲಿನ ಮಂಜುನಾಥ

ಓಟ, ಜಿಗಿತ, ಎತ್ತರ ಎಲ್ಲದರಲ್ಲೂ ಪಾಸಾಗಿದ್ದ ಸೊಕ್ಕೆಯ ದುರ್ಗಾಂಬಿಕಾ ತೋಳಿನ ಹಚ್ಚೆಯಿಂದಾಗಿ ಸಿಕ್ಕಿಬಿದ್ದಳು. ಹೊನ್ನಾಳಿಯ ಮೈದಾನದಲ್ಲಿ ಸೈನ್ಯದ ಭರ್ತಿ. ಮೆಡಿಕಲ್‌ಗೆ ನಿಂತ ಹುಡುಗಿಯರ ಸಾಲಿನಲ್ಲಿ ಅವಳ ಹಿಂದಿದ್ದ ಸವಳಂಗದ ಚೈತ್ರಶ್ರೀ ಆ ಹಚ್ಚೆ ನೋಡಿ ನಾಲಿಗೆ ಕಚ್ಚಿಕೊಂಡಳು.

"ಮುಂಗೈ ಒಳಗಡೆ ಇದ್ರೆ ನಡೀತಿತ್ತು. ತೋಳಿನ ಮ್ಯಾಲೆ ಅಂದ್ರೆ ಅನ್‌ಫಿಟ್ ಕಣೇ."

"ಗೊತ್ತು."

"ಅನ್‌ಫಿಟ್ ಅಂದ್ರೆ ಊರಾಗೆ ಫಿಟ್ಸ್ ಐತೆ ಅಂದ್ಕಂತಾರೆ. ಕೆಲಸಾನೂ ಇಲ್ಲ, ಗಂಡೂ ಇಲ್ಲ."

ದುರ್ಗಾಂಬಿಕಾ ನಗಲಿಲ್ಲ. ಹಚ್ಚೆಯಲ್ಲಿದ್ದದ್ದು ಒಂದೇ ಹೆಸರು, ಮಂಜುನಾಥ. ಅವಳ ಅಣ್ಣ. ಹೋದ ವರ್ಷ ಇದೇ ಭರ್ತಿಗೆಂದು ಬೆಳಿಗ್ಗೆ ಜಗಳೂರು ರಸ್ತೆಯಲ್ಲಿ ಓಡುತ್ತಿದ್ದಾಗ ಲಾರಿ ಹೊಡೆದಿತ್ತು. ತಿಥಿ ಮುಗಿದ ಮೇಲೆ ಸಂತೆಯಲ್ಲಿ ಹಚ್ಚೆ ಹಾಕಿಸಿಕೊಂಡಳು. ಮಾರನೆಯ ದಿನ ಅವನ ಬೂಟಿಗೆ ಹತ್ತಿ ತುರುಕಿ, ಅದೇ ರಸ್ತೆಯಲ್ಲಿ ಓಡತೊಡಗಿದಳು. ಅಳು ಬರಲಿಲ್ಲ, ಈಗಲೂ ಬಂದಿಲ್ಲ.

"ದೇವ್ರು ಅಂದ್ಬಿಡು," ಚೈತ್ರಶ್ರೀ ಪಿಸುಗುಟ್ಟಿದಳು. "ನೀವು ನಾಯಕರು, ಎಸ್.ಟಿ. ಬುಡಕಟ್ಟಿನೋರ ಸಂಪ್ರದಾಯದ ಹಚ್ಚೆಗೆ ರಿಯಾಯ್ತಿ ಐತಂತೆ." ಕೂಡಲೇ ಹುಬ್ಬು ಗಂಟಿಕ್ಕಿ, ಒಳಗಿದ್ದ ಡಾಕ್ಟರಮ್ಮನ ದನಿ ತಂದುಕೊಂಡು, ಇದು ಯಾರು ಎಂದು ಹಿಂದಿಯಲ್ಲಿ ಕೇಳಿದಳು. "ಯೇ ಕೌನ್ ಹೈ?"

"ದೇವರು."

"ಸತ್ತೋರಂಗೆ ಹೇಳಬ್ಯಾಡ್ವೇ! ಭಕ್ತಿ ಬರ್ಲಿ ಸ್ವಲ್ಪ."

ಡೇರೆಯೊಳಗೆ ಡಾಕ್ಟರಮ್ಮ ಕೇಳಿದ್ದೂ ಅದನ್ನೇ, ಇನ್ನೂ ಮೆತ್ತಗಿನ ದನಿಯಲ್ಲಿ. ದುರ್ಗಾಂಬಿಕಾ ಕಲಿತಷ್ಟು ಒಪ್ಪಿಸಿದಳು. ಡಾಕ್ಟರಮ್ಮನಿಗೆ ನಂಬಿಕೆ ಬರಲಿಲ್ಲ. ಮನೆಯ ಹಿರಿಯರು ಯಾರಾದರೂ ಬಂದಿದ್ದರೆ ಕರೆಸಿ ಎಂದರು. ಕನ್ನಡ ಬಾರದ ಡಾಕ್ಟರಮ್ಮನಿಗೆ ಹಿಂದಿಯಲ್ಲಿ ಮಾತು ತಿಳಿಸುತ್ತಿದ್ದ ಹವಾಲ್ದಾರ್ ಮಾಲತೇಶ್ ಗೇಟಿನ ಬಳಿ ಕೂತಿದ್ದ ತಾಯಿ ದುರುಗಕ್ಕನನ್ನು ಕರೆತಂದರು. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವಳ ಕೈಗಳ ಮೇಲೆ ಹಸಿರು ಚುಕ್ಕಿಗಳಿದ್ದವು, ಒಂದು ಚೇಳಿತ್ತು. ಅಕ್ಷರ ಮಾತ್ರ ಇರಲಿಲ್ಲ. ಡಾಕ್ಟರಮ್ಮ ಅದನ್ನೂ ನೋಡಿದರು.

"ಮಗಳ ತೋಳಿನ ಮ್ಯಾಲೆ ಮಂಜುನಾಥ ಅಂತ ಐತಲ್ಲಮ್ಮಾ, ಯಾರದು?" ಮಾಲತೇಶ್ ಕೇಳಿದರು.

ದುರ್ಗಾಂಬಿಕಾ ತೂಕದ ಯಂತ್ರದ ಮುಳ್ಳನ್ನೇ ನೋಡುತ್ತಿದ್ದಳು. ದುರುಗಕ್ಕ ಮಗಳ ತೋಳು ಹಿಡಿದು, ಓದಲು ಬಾರದ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.

"ನಮ್ಮನೆ ದೇವ್ರು, ಸಾಹೇಬ್ರೆ."

"ಮನೆದೇವ್ರಾ?"

"ಹೂಂ. ದಿನಾ ಮುಂಜಾನೆ ಎದ್ದು ಹೋಗೋನು. ಒಂದಿನ ಬರ್ಲಿಲ್ಲ."

ಮಾಲತೇಶ್ ಟೋಪಿ ಸರಿಮಾಡಿಕೊಂಡರು. ಹುಡುಗಿಯನ್ನು ನೋಡಿದರು, ತಾಯಿಯನ್ನು ನೋಡಿದರು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಕುಲದೇವತಾ, ಮೇಡಂ."

ಹಾಳೆಯ ಮೇಲೆ ಫಿಟ್ ಎಂದು ಬಿತ್ತು.

"ಅಗಲಾ!" ಎಂದರು ಡಾಕ್ಟರಮ್ಮ, ಮುಂದಿನವರನ್ನು ಕರೆಯುತ್ತ.

ಹಿಂದಿ ಬಾರದ ದುರುಗಕ್ಕನಿಗೆ ಅದು ಅಗಲು ಎಂದಂತೆ ಕೇಳಿಸಿತು. ಹಿಡಿದಿದ್ದ ತೋಳನ್ನು ಬಿಟ್ಟಳು.