ಬೆಂಕಿಯ ತಾಲೀಮು

೧೯೬೫ರಲ್ಲಿ, ಯುದ್ಧದ ದಿನಗಳಲ್ಲಿ, ಶಿರಸಿಯ ಕಾಲೇಜೊಂದರಲ್ಲಿ ಬೆಂಕಿ ಬಿದ್ದರೆ ಪಾರಾಗುವ ತಾಲೀಮು ನಡೆಯಿತು. ಯಾರ್ಯಾರು ಹೊರಗೆ ಬರಬೇಕೆಂದು ಹಿಂದಿನ ದಿನವೇ ನೋಟೀಸು ಹಚ್ಚಿದ್ದರು. ಗಂಟೆ ಬಾರಿಸಿದ ಕೂಡಲೇ ವಿದ್ಯಾರ್ಥಿಗಳು ಸಾಲಾಗಿ ಮೈದಾನಕ್ಕೆ ಬಂದರು. ಪ್ರಿನ್ಸಿಪಾಲರು ಹಾಜರಿ ಕರೆದರು, ಎಲ್ಲರೂ ಇದ್ದರು. ಅಷ್ಟರಲ್ಲಿ ಪ್ರಯೋಗಶಾಲೆಯ ಕಿಟಕಿಯಿಂದ ಹೊಗೆ ಎದ್ದಿತು. ಹೊರಡುವ ಅವಸರದಲ್ಲಿ ಯಾರೋ ಸ್ಪಿರಿಟ್ ದೀಪ ಉರುಳಿಸಿದ್ದರು.

ಪ್ರಿನ್ಸಿಪಾಲರು ಓಡಿಹೋಗಿ ನೋಡಿದರೆ, ಕಸ ಗುಡಿಸುವ ಗೌರಕ್ಕ ಮರಳು ಸುರಿದು ಬೆಂಕಿ ನಂದಿಸಿ, ಸುಟ್ಟ ಅಂಗೈಯನ್ನು ನೀರಿನಲ್ಲಿ ಅದ್ದಿಕೊಂಡು ನಿಂತಿದ್ದಳು.

“ಗಂಟಿ ಕೇಳಿಸಲಿಲ್ಲೇನವ್ವ? ಹೊರಗ ಯಾಕ ಬರಲಿಲ್ಲ?”

“ಕೇಳಿಸ್ತ್ರಿ. ನೋಟೀಸಿನ್ಯಾಗ ಮಾಸ್ತರು, ಹುಡುಗರು ಅಷ್ಟ ಅದಾರಂತ್ರಿ.”

ಪ್ರಿನ್ಸಿಪಾಲರು ತಮ್ಮ ಕರವಸ್ತ್ರವನ್ನು ನೆನೆಸಿ ಆಕೆಯ ಕೈಗೆ ಸುತ್ತಿದರು. ಮರುದಿನ ತಿದ್ದಿ ಹಚ್ಚಿದ ನೋಟೀಸಿನಲ್ಲಿ, ಹೊರಗೆ ಬರಬೇಕಾದವರ ಪೈಕಿ ಮೊದಲ ಹೆಸರು ಗೌರಕ್ಕನದು. ಆಕೆಗೆ ಓದಲು ಬಾರದ್ದರಿಂದ ಅವರೇ ಓದಿ ಹೇಳಿದರು.

ಗೌರಕ್ಕ ಯೋಚಿಸಿ ಕೇಳಿದಳು: “ನಾನೂ ಹೊರಗ ಬಂದ್ರ ಬೆಂಕಿ ಆರಸೋರು ಯಾರ್ರಿ?”